ಕಲ್ಚರ್ ರಿಪೋರ್ಟಿನಲ್ಲಿ ಇಷ್ಟೊಂದು ‘ಆರ್’ ಯಾಕೆ ಡಾಕ್ಟರೇ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಈ ವರ್ಷ ಅವರಿಗೆ ಉರಿಮೂತ್ರ ಬಂದದ್ದು ಇದು ಮೂರನೇ ಸಲ. ಮೊದಲೆರಡು ಸಲ ನಾನೇ ಮೆಡಿಕಲ್ ಶಾಪಿನಲ್ಲಿ ಹೇಳಿ ಮಾತ್ರೆ ತಂದುಕೊಟ್ಟೆ. ಎರಡು ದಿನಕ್ಕೆ ಉರಿ ನಿಂತಿತು, ಮಾತ್ರೆಯನ್ನೂ ನಿಲ್ಲಿಸಿದೆವು. ಈ ಸಲ ಜಗ್ಗಲಿಲ್ಲ. ಡಾಕ್ಟರು ಯೂರಿನ್ ಕಲ್ಚರ್ ಮಾಡಿಸಿದರು, ರಿಪೋರ್ಟ್ ಬರಲು ಮೂರು ದಿನ ಹಿಡಿಯಿತು. ಹದಿನಾಲ್ಕು ಔಷಧಿಗಳ ಪಟ್ಟಿಯಲ್ಲಿ ಎಂಟರ ಮುಂದೆ ‘ಆರ್’, ಆರರ ಮುಂದೆ ‘ಎಸ್’. ನೋಡಿದವರೆಲ್ಲ ‘ಇವರಿಗೆ ಇನ್ನು ಔಷಧಿ ನಾಟೋದಿಲ್ಲ’ ಅನ್ನುತ್ತಿದ್ದಾರೆ. ಮೆರೊಪೆನೆಮ್ ಇಂಜೆಕ್ಷನ್ ಮುಂದೆ 28 ಎಂದಿದೆ, ಡಾಕ್ಟರು ಬರೆದದ್ದು 18 ಇರುವ ನೈಟ್ರೊಫ್ಯುರಾಂಟಾಯಿನ್ ಮಾತ್ರೆ. ದೊಡ್ಡ ಅಂಕಿಯದು ಬಿಟ್ಟು ಚಿಕ್ಕದು ಯಾಕೆ? ಇದೆಲ್ಲ ಲ್ಯಾಬಿನವರೂ ಡಾಕ್ಟರೂ ಸೇರಿ ದುಡ್ಡು ಮಾಡುವ ದಾರಿ ಅಂತಾನೆ ನಮ್ಮಣ್ಣ. ಅಮ್ಮನಿಗೆ ಹೀಗಾಗಲು ನಾನೇ ಕಾರಣವೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಸೋದರಿ, ಮೊದಲು ಧೈರ್ಯ ತಂದುಕೊಳ್ಳಿ. ಆ ಎಂಟು ‘ಆರ್’ಗಳು ನಿಮ್ಮ ತಾಯಿಯ ಬಗ್ಗೆ ಬರೆದವಲ್ಲ. ಅವರ ಮೂತ್ರದಲ್ಲಿ ಈ ಸಲ ಸಿಕ್ಕಿದ ಬ್ಯಾಕ್ಟೀರಿಯಾ ಆ ಎಂಟು ಔಷಧಿಗಳಿಗೆ ಬಗ್ಗುವುದಿಲ್ಲ ಎಂದಷ್ಟೇ ಅರ್ಥ. ಮನುಷ್ಯನ ದೇಹಕ್ಕೆ ಆ್ಯಂಟಿಬಯೋಟಿಕ್ ‘ನಾಟದಂತೆ’ ಆಗುವುದಿಲ್ಲ, ನಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾ. ಅದನ್ನು ಕೊಲ್ಲಬಲ್ಲ ಆರು ಔಷಧಿಗಳು ಇವೆ ಎಂದೂ ಅದೇ ಕಾಗದ ಹೇಳುತ್ತಿದೆ. ಮೂತ್ರಕೋಶದ ಸೋಂಕಿಗೆ ಬೇಕಾದದ್ದು ಸರಿಯಾದ ಒಂದೇ ಒಂದು.

ಮೂರು ದಿನ ಯಾಕೆ ಹಿಡಿಯಿತು ಎಂಬುದು ತಿಳಿದರೆ ಅಂಕಿಗಳ ಗೊಂದಲವೂ ಬಿಡುತ್ತದೆ. ಮೂತ್ರ ಲ್ಯಾಬಿಗೆ ತಲುಪಿದ ದಿನ ಅದರ ಸ್ವಲ್ಪವನ್ನು ಅಗರ್ ಎಂಬ ಪೋಷಕ ಜೆಲ್ಲಿಯ ತಟ್ಟೆಯ ಮೇಲೆ ಎಳೆದು, ನಮ್ಮ ಮೈಬಿಸಿಯಷ್ಟು ಕಾವಿನಲ್ಲಿ ರಾತ್ರಿಯಿಡೀ ಇಡುತ್ತಾರೆ. ಮರುದಿನ ಬ್ಯಾಕ್ಟೀರಿಯಾಗಳು ಚುಕ್ಕೆಚುಕ್ಕೆಯಾಗಿ ಎದ್ದಿರುತ್ತವೆ. ಎಷ್ಟಿವೆ, ಯಾವುವು ಎಂದು ಆಗ ಗೊತ್ತಾಗುತ್ತದೆ. ಉರಿಮೂತ್ರದಲ್ಲಿ ಹೆಚ್ಚಾಗಿ ಸಿಗುವುದು ನಮ್ಮ ಕರುಳಿನಲ್ಲೇ ವಾಸವಾಗಿರುವ ಇ. ಕೋಲೈ. ಆ ಚುಕ್ಕೆಗಳನ್ನು ಉಪ್ಪುನೀರಿನಲ್ಲಿ ಕದಡಿ, ನೀರಿನ ಮಬ್ಬು ನಿಗದಿತ ಮಟ್ಟಕ್ಕೆ ಬಂದ ಮೇಲೆ, ಮುಲ್ಲರ್–ಹಿಂಟನ್ ಅಗರ್ ಎಂಬ ಇನ್ನೊಂದು ತಟ್ಟೆಯ ತುಂಬ ಸವರುತ್ತಾರೆ. ಅದರ ಮೇಲೆ ಹಣೆಯ ಬೊಟ್ಟಿನಂಥ, 6 ಮಿ.ಮೀ. ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. ಮತ್ತೆ 16ರಿಂದ 18 ತಾಸು ಕಾಯಬೇಕು. ಔಷಧಿ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವೃತ್ತವಿರುತ್ತದೆ. ಆ ವೃತ್ತದ ಅಗಲವೇ, ಮಿಲಿಮೀಟರಿನಲ್ಲಿ, ನೀವು ನೋಡಿದ 18 ಮತ್ತು 28. ದೊಡ್ಡ ಲ್ಯಾಬುಗಳಲ್ಲಿ ಈ ಎರಡನೇ ಹಂತವನ್ನು ಬೇಗ ಮುಗಿಸುವ ಯಂತ್ರಗಳಿವೆ. ಆದರೂ ಬ್ಯಾಕ್ಟೀರಿಯಾ ಮೊದಲು ಬೆಳೆದೇ ಆಗಬೇಕು, ಆ ರಾತ್ರಿಯನ್ನು ಈ ಯಂತ್ರಗಳು ಉಳಿಸಿಕೊಡುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದು ಔಷಧಿಯ ವೃತ್ತವನ್ನು ಇನ್ನೊಂದರ ವೃತ್ತದ ಪಕ್ಕ ಇಟ್ಟು ಹೋಲಿಸಲೇಬಾರದು. ಬಿಲ್ಲೆಗಳಲ್ಲಿರುವ ಔಷಧಿಯ ಪ್ರಮಾಣವೇ ಬೇರೆ ಬೇರೆ: ಮೆರೊಪೆನೆಮ್ 10 ಮೈಕ್ರೊಗ್ರಾಂ, ನೈಟ್ರೊಫ್ಯುರಾಂಟಾಯಿನ್ 300. ಅಗರ್‌ನಲ್ಲಿ ಅವು ಹರಡುವ ವೇಗ ಬೇರೆ, ದೇಹದಲ್ಲಿ ತಲುಪುವ ಮಟ್ಟವೂ ಬೇರೆ. ಆದ್ದರಿಂದ ಪ್ರತಿ ಔಷಧಿಗೂ ಅದರದೇ ಗೆರೆ ಇದೆ. ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಕೋಷ್ಟಕದ ಪ್ರಕಾರ ಇ. ಕೋಲೈ ವಿಷಯದಲ್ಲಿ ನೈಟ್ರೊಫ್ಯುರಾಂಟಾಯಿನ್‌ಗೆ 17 ಮಿ.ಮೀ. ಬಂದರೆ ಸಾಕು, ‘ಎಸ್’. ಸಿಪ್ರೊಫ್ಲೊಕ್ಸಾಸಿನ್‌ಗೆ ಅದೇ 18 ಬಂದರೆ ‘ಆರ್’, ಯಾಕೆಂದರೆ ಅದಕ್ಕೆ ಕನಿಷ್ಠ 26 ಬೇಕು. 28 ಬಂದ ಇಂಜೆಕ್ಷನ್ 18 ಬಂದ ಮಾತ್ರೆಗಿಂತ ಬಲವಾದದ್ದು ಎಂದು ಈ ಅಂಕಿಗಳಿಂದ ಹೇಳಲಾಗದು. ಮನೆಯವರು ಓದಬೇಕಾದದ್ದು ಅಕ್ಷರವನ್ನು ಮಾತ್ರ, ಅಂಕಿಯನ್ನು ಡಾಕ್ಟರಿಗೆ ಬಿಡಿ.

‘ಎಸ್’ ಇರುವ ಆರರಲ್ಲಿ ನೈಟ್ರೊಫ್ಯುರಾಂಟಾಯಿನನ್ನೇ ಆರಿಸಿದ್ದು ನನ್ನ ದೃಷ್ಟಿಯಲ್ಲಿ ಒಳ್ಳೆಯ ನಿರ್ಧಾರ. ಈ ಔಷಧಿ ರಕ್ತದಲ್ಲಿ ಹೆಚ್ಚು ನಿಲ್ಲುವುದಿಲ್ಲ, ಮೂತ್ರದಲ್ಲಿ ಒಟ್ಟುಗೂಡುತ್ತದೆ. ಸೋಂಕು ಮೂತ್ರಕೋಶದಲ್ಲಿದ್ದರೆ ಬೇಕಾದದ್ದೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಮೊದಲು ಕೈಗೆತ್ತಿಕೊಳ್ಳಬೇಕಾದ ಗುಂಪಿನಲ್ಲಿ ಇದಿದೆ. ಮೆರೊಪೆನೆಮ್ ಇರುವುದು ಎಚ್ಚರದಿಂದ ಬಳಸಬೇಕಾದ ಗುಂಪಿನಲ್ಲಿ. ರಕ್ತಕ್ಕೆ ನಂಜೇರಿ ಐಸಿಯುನಲ್ಲಿ ಮಲಗಿದವರಿಗೆ ಬೇಕಾಗುವ ಔಷಧಿಯನ್ನು ಉರಿಮೂತ್ರಕ್ಕೆ ಖರ್ಚು ಮಾಡಿದರೆ, ನಾಳೆ ನಿಮ್ಮ ತಾಯಿಗೇ ಅದು ಬೇಕಾದಾಗ ‘ಆರ್’ ಬಂದೀತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಪವರ್‌ಫುಲ್ ಇಂಜೆಕ್ಷನ್ನೇ ಕೊಡಿ’ ಎಂದು ಡಾಕ್ಟರನ್ನು ಒತ್ತಾಯಿಸುವವರು ಹೆಚ್ಚಾಗಿ ಮನೆಯವರೇ.

ಆದರೆ ಡಾಕ್ಟರನ್ನು ಒಂದು ಮಾತು ಕೇಳಿ. ಕಿಡ್ನಿ ಕೆಲಸ ತೀರಾ ಕುಗ್ಗಿದವರಿಗೆ ಈ ಮಾತ್ರೆ ಆಗದು. ಸಕ್ಕರೆ ಕಾಯಿಲೆಯವರಾದ್ದರಿಂದ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟನ್ನು ಅವರಿಗೆ ತೋರಿಸಿ. ಮಾತ್ರೆಯನ್ನು ಊಟದ ಜೊತೆ ಕೊಡಿ. ಮೂತ್ರ ಕಡುಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು, ಅದಕ್ಕೆ ಗಾಬರಿ ಬೇಡ.

ನೀವೇ ಕಾರಣವೇ ಎಂದು ಕೇಳಿದ್ದೀರಿ. ಸುಳ್ಳು ಸಮಾಧಾನ ಹೇಳುವುದಿಲ್ಲ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ಅಂದಾಜಿನ ಮೇಲೆ ಆ್ಯಂಟಿಬಯೋಟಿಕ್ ಕೊಟ್ಟಾಗ ಮೂತ್ರದ್ದಷ್ಟೇ ಅಲ್ಲ, ಕರುಳಿನ ಬ್ಯಾಕ್ಟೀರಿಯಾಗಳೂ ಅದಕ್ಕೆ ಸಿಗುತ್ತವೆ. ಸಾಯುವಂಥವು ಸತ್ತು, ನಿರೋಧ ಇರುವಂಥವು ಉಳಿದು ಹೆಚ್ಚುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಔಷಧಿ ಸುಲಭವಾಗಿ ಸಿಕ್ಕು ಜನ ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಂಡರೆ ಹೀಗಾಗುತ್ತದೆ ಎಂದು ಎಚ್ಚರಿಸಿದ್ದರು. ಹಾಗೆಂದು ಇಡೀ ಹೊಣೆ ನಿಮ್ಮ ತಲೆಯ ಮೇಲಿಲ್ಲ. ನಿರೋಧದ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ಆ್ಯಂಟಿಬಯೋಟಿಕ್ ಮುಟ್ಟದವರ ಕರುಳಿಗೂ ನೀರು, ಆಹಾರ, ಆಸ್ಪತ್ರೆಗಳ ಮೂಲಕ ಅವು ಬಂದು ಸೇರುತ್ತವೆ. ಕೇಳಿದ ಕೂಡಲೇ ಕೊಟ್ಟ ಅಂಗಡಿಯ ಪಾಲೂ ಇದೆ. ಸೆಫಿಕ್ಸಿಮ್‌ನಂಥ ಔಷಧಿಗಳು 2014ರ ಮಾರ್ಚ್‌ನಿಂದ ದೇಶದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಯಾರಿಗೆ ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಡಬೇಕು. ಆಗಿದ್ದಕ್ಕೆ ಕೊರಗಬೇಡಿ, ಇನ್ನು ಮುಂದೆ ಚೀಟಿಯಿಲ್ಲದೆ ತರಬೇಡಿ.

ನಿಮ್ಮ ಅಣ್ಣನ ಅನುಮಾನಕ್ಕೆ ಉತ್ತರ ಡಾಕ್ಟರ ಚೀಟಿಯಲ್ಲೇ ಇದೆ: ದುಡ್ಡೇ ಉದ್ದೇಶವಾಗಿದ್ದರೆ ದುಬಾರಿ ಇಂಜೆಕ್ಷನ್ ಬಿಟ್ಟು ಅಗ್ಗದ ಮಾತ್ರೆ ಬರೆಯುತ್ತಿರಲಿಲ್ಲ. ಲ್ಯಾಬಿನ ಗುಣಮಟ್ಟವನ್ನು ಪ್ರಶ್ನಿಸುವುದು ಮಾತ್ರ ಸರಿಯೇ. 1966ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾವರ್, ಕರ್ಬಿ ಮತ್ತು ಸಂಗಡಿಗರು ಈ ಬಿಲ್ಲೆ ಪರೀಕ್ಷೆಯ ಕ್ರಮವನ್ನು ನಿಗದಿಪಡಿಸಿದ್ದು, ಒಂದೊಂದು ಲ್ಯಾಬ್ ಒಂದೊಂದು ರೀತಿ ಮಾಡುತ್ತಿದ್ದುದರಿಂದಲೇ. ಅಗರ್ 4 ಮಿ.ಮೀ. ದಪ್ಪ ಇರಬೇಕು, ತೆಳುವಾದರೆ ವೃತ್ತ ಹಿಗ್ಗಿ ಸುಳ್ಳು ‘ಎಸ್’ ಬರುತ್ತದೆ. ಒಳ್ಳೆಯ ಲ್ಯಾಬಿನವರು ಉತ್ತರ ಮೊದಲೇ ಗೊತ್ತಿರುವ ಇ. ಕೋಲೈ ತಳಿಯೊಂದನ್ನು ಆಗಾಗ ಪರೀಕ್ಷಿಸಿ ತಮ್ಮ ಕೆಲಸ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಾರೆ. ಎನ್‌ಎಬಿಎಲ್ ಮಾನ್ಯತೆ ಇದೆಯೇ, ಯಾವ ಕೋಷ್ಟಕ ಬಳಸಿದ್ದಾರೆ ಎಂದು ಕೇಳಿ. ಖಾಸಗಿ ಲ್ಯಾಬಿನ ಖರ್ಚು ಭಾರವೆನಿಸಿದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಮುಂದೆ ಎಂದಾದರೂ ಕಲ್ಚರ್ ಬೇಕಾದರೆ ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ಮೂತ್ರ ಕೊಡಿ. ಮೊದಲ ಧಾರೆ ಬಿಟ್ಟು ನಡುವಿನದನ್ನು, ಲ್ಯಾಬಿನವರೇ ಕೊಟ್ಟ ಡಬ್ಬಿಯಲ್ಲಿ ಹಿಡಿದು, ಎರಡು ತಾಸಿನೊಳಗೆ ತಲುಪಿಸಿ. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ, ಬಿಸಿಲಲ್ಲಿ ಬಸ್ಸಿನಲ್ಲಿ ಒಯ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಲೆಕ್ಕ ಕೆಡುತ್ತದೆ. ಉರಿ ಪೂರ್ತಿ ಹೋದ ಮೇಲೆ ‘ಕ್ಲಿಯರ್ ಆಯಿತೋ ನೋಡೋಣ’ ಎಂದು ಸುಮ್ಮನೆ ಮತ್ತೆ ಕಲ್ಚರ್ ಮಾಡಿಸಬೇಡಿ. ಲಕ್ಷಣವಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ವಯಸ್ಸಾದ ಹೆಂಗಸರಲ್ಲಿ ಸಾಮಾನ್ಯ, ಅದಕ್ಕೆ ಔಷಧಿ ಬೇಕಿಲ್ಲ. ಈ ರಿಪೋರ್ಟನ್ನು ಜೋಪಾನವಾಗಿಟ್ಟು ಮುಂದಿನ ಡಾಕ್ಟರಿಗೂ ತೋರಿಸಿ. ಅದನ್ನು ನೋಡಿಕೊಂಡು ನೀವೇ ಮಾತ್ರೆ ತರಬೇಡಿ, ಮುಂದಿನ ಸಲ ಬರುವ ಬ್ಯಾಕ್ಟೀರಿಯಾ ಬೇರೆಯದಿರಬಹುದು.

ಬರೆದಷ್ಟು ದಿನವೂ ಮಾತ್ರೆ ಮುಗಿಸಿ. ನಡುವೆ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ ಅಥವಾ ಮಂಪರು ಕಂಡರೆ ಸೋಂಕು ಕಿಡ್ನಿಗೆ ಏರಿರಬಹುದು ಎಂದು ತಿಳಿಯಿರಿ. ಈ ಮಾತ್ರೆಗೆ ಅಲ್ಲಿ ಕೆಲಸವಿಲ್ಲ. ಭಾನುವಾರವಾಗಿರಲಿ, ರಾತ್ರಿಯಾಗಿರಲಿ, ರಿಪೋರ್ಟನ್ನು ಕೈಯಲ್ಲಿ ಹಿಡಿದು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.