ಗಾಡಿಯ ಬೆನ್ನೆಲುಬು



ಈಗ ನಮ್ಮ ಕಡೆ ಹೆಂಗಸರೂ ಸ್ಕೂಟರ್ ಓಡಿಸುತ್ತಾರೆ. ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಪೇಟೆಗೆ ಹೋಗುವವರಿದ್ದಾರೆ. ಕಾಯಿಪಲ್ಲೆ ಮಾರುವವರಿದ್ದಾರೆ. ಮಕ್ಕಳನ್ನು ಶಾಲೆಗೆ ಬಿಡುವವರಿದ್ದಾರೆ. ಹೊಸ ಗಾಡಿಗೆ ಬಹಳ ಹಣ ಬೇಕು. ಅದಕ್ಕೇ ಹಲವರು ಹಳೆಯ ಗಾಡಿ ಕೊಳ್ಳುತ್ತಾರೆ. ಸಂಘದಲ್ಲಿ ಸಾಲ ತೆಗೆದು ಕೊಳ್ಳುವವರೂ ಉಂಟು.

ಇಬ್ಬರು ಅಕ್ಕತಂಗಿಯರು ಹಳೆಯ ಸ್ಕೂಟರ್ ನೋಡಲು ಹೋದರು ಎಂದುಕೊಳ್ಳೋಣ. ಅವರ ಮಾತು ಕೇಳಿ.

ತಂಗಿ: ಅಕ್ಕಾ, ಗಾಡಿ ಹೆಂಗೆ ಹೊಳೀತದೆ ನೋಡು! ಇವತ್ತೇ ಮುಂಗಡ ಕೊಟ್ಟುಬಿಡ್ಲಾ?

ಅಕ್ಕ: ಎಂತಕ್ಕೆ ಅವಸರ? ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡ್ತೀಯಲ್ಲ?

ತಂಗಿ: ನೋಡ್ದೆ ಇರ್ತೇನಾ? ಹಳಸಿದ್ದು ಕೊಟ್ರೆ?

ಅಕ್ಕ: ಹಂಗೇ ಗಾಡಿಯನ್ನೂ ಎತ್ತಿ, ಬಗ್ಗಿ ನೋಡಬೇಕು. ಮೇಲೆ ಥಳುಕು, ಒಳಗೆ ಹುಳುಕು ಇರಬಹುದು.

ಅಕ್ಕ ಹೇಳಿದ್ದು ಸರಿ. ನಾವು ಬಣ್ಣ ನೋಡುತ್ತೇವೆ. ಸೀಟು ನೋಡುತ್ತೇವೆ. ಎಂಜಿನ್ನಿನ ಶಬ್ದ ಕೇಳುತ್ತೇವೆ. ಆದರೆ ಗಾಡಿಯ ಬೆನ್ನೆಲುಬನ್ನು ನೋಡುವುದಿಲ್ಲ.

ಬೆನ್ನೆಲುಬು ಎಂದರೆ ಯಾವುದು?

ಗ್ಯಾರೇಜಿನವರು ಇದನ್ನು ಚಾಸಿ ಅಥವಾ ಫ್ರೇಮ್ ಎನ್ನುತ್ತಾರೆ. ಉಕ್ಕಿನ ಕೊಳವೆ ಮತ್ತು ತಗಡುಗಳನ್ನು ಬೆಸೆದು ಇದನ್ನು ಮಾಡಿರುತ್ತಾರೆ. ಎಂಜಿನ್, ಗಾಲಿ, ಸೀಟು, ಹ್ಯಾಂಡಲ್ ಎಲ್ಲವನ್ನೂ ಹೊತ್ತಿರುವುದು ಇದೇ. ಮನೆಗೆ ಕಂಬ, ತೊಲೆ ಇದ್ದ ಹಾಗೆ ಗಾಡಿಗೆ ಚಾಸಿ. ಬೈಕಿನಲ್ಲಿ ಇದರ ಬಹುಭಾಗ ಕಣ್ಣಿಗೆ ಕಾಣುತ್ತದೆ. ಸ್ಕೂಟರಿನಲ್ಲಿ ಹೊದಿಕೆಯ ಒಳಗೆ ಅಡಗಿರುತ್ತದೆ.

ಟೈರು ಸವೆದರೆ ಬದಲಿಸಬಹುದು. ದೀಪ ಕೆಟ್ಟರೆ ಹೊಸದು ಹಾಕಬಹುದು. ಓಡುವಾಗ ಚಾಸಿ ಮುರಿದರೆ ಜೀವಕ್ಕೇ ಅಪಾಯ.

ಎರಡು ಶತ್ರುಗಳು

ಚಾಸಿಗೆ ಇಬ್ಬರು ಶತ್ರುಗಳು. ಒಂದು ಪೆಟ್ಟು. ಇನ್ನೊಂದು ತುಕ್ಕು.

ಗಾಡಿ ಎದುರಿನಿಂದ ಡಿಕ್ಕಿ ಹೊಡೆದಾಗ ಮುಂದಿನ ಫೋರ್ಕ್ ಬಾಗುತ್ತದೆ. ಪೆಟ್ಟು ಜೋರಾಗಿದ್ದರೆ ಚಾಸಿಯ ಕುತ್ತಿಗೆಯೂ ಬಾಗುತ್ತದೆ. ಹ್ಯಾಂಡಲ್ಲಿನ ಕೆಳಗೆ ಫೋರ್ಕ್ ಸೇರುವ ಜಾಗವೇ ಕುತ್ತಿಗೆ. ಅತಿ ಭಾರ ಹೇರಿ ಹೊಂಡದ ರಸ್ತೆಯಲ್ಲಿ ಓಡಿಸಿದರೂ ಬೆಸುಗೆಯ ಜಾಗದಲ್ಲಿ ಬಿರುಕು ಬರಬಹುದು.

ತುಕ್ಕಿನ ಕಥೆ ಬೇರೆ. ಉಪ್ಪು ನಮ್ಮ ಊರಿಗೆ ಹೆಸರು ತಂದಿದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆದರೆ ಕಬ್ಬಿಣಕ್ಕೆ ಉಪ್ಪು ಹಿತವಲ್ಲ. ನೀರು, ಗಾಳಿ ಎರಡೂ ತಾಗಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಉಪ್ಪು ಸೇರಿದರೆ ಅದು ಬೇಗ ಬೇಗ ಹಬ್ಬುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಬ್ಬಿಣ ಒಣಗುವುದೇ ಇಲ್ಲ. ಕಾರವಾರ, ಅಂಕೋಲೆಯ ಗಾಳಿಯಲ್ಲಿ ಕಡಲಿನ ಉಪ್ಪು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ಅದರ ಮೇಲೆ ಮೀನಿನ ಪೆಟ್ಟಿಗೆಯಿಂದ ಮಂಜುಗಡ್ಡೆಯ ನೀರು ಸೋರಿದರೆ ಕೇಳಬೇಕೇ?

ನಾವೇ ಮಾಡುವ ಐದು ಪರೀಕ್ಷೆ

ಗಾಡಿಯನ್ನು ಹಗಲಿನಲ್ಲೇ ನೋಡಿ. ದೀಪದ ಬೆಳಕಿನಲ್ಲಿ ದೋಷ ಕಾಣುವುದಿಲ್ಲ.

1. ಬಣ್ಣ ನೋಡಿ. ಕುತ್ತಿಗೆಯ ಹತ್ತಿರ ಬಣ್ಣ ಸುಕ್ಕಾಗಿದೆಯೇ? ಬಿರಿದಿದೆಯೇ? ಒಂದೇ ಜಾಗಕ್ಕೆ ಹೊಸ ಬಣ್ಣ ಬಳಿದಿದ್ದಾರೆಯೇ? ಬೆಸುಗೆಯ ಪಕ್ಕ ಕೂದಲೆಳೆಯಂಥ ಕಂದು ಗೆರೆ ಇದ್ದರೆ ಅದು ಬಿರುಕು ಇರಬಹುದು.

2. ತುಕ್ಕು ನೋಡಿ. ಕಾಲಿಡುವ ಹಲಗೆಯ ಕೆಳಗೆ, ಸೀಟಿನ ಕೆಳಗೆ, ಸ್ಟ್ಯಾಂಡ್ ಮತ್ತು ಕ್ಯಾರಿಯರ್ ಕೂಡಿಸಿದ ಜಾಗದಲ್ಲಿ ಬಗ್ಗಿ ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಮೇಲೆ ಮಾತ್ರ ಕಂದು ಪುಡಿ ಬಂದರೆ ಅದು ಮೇಲಿನ ತುಕ್ಕು. ಹಪ್ಪಳದ ಹಾಗೆ ಪದರು ಕಳಚಿದರೆ ಅಥವಾ ತುದಿ ಒಳಗೆ ಹೋದರೆ ಕಬ್ಬಿಣ ತಿಂದುಹೋಗಿದೆ. ಆ ಗಾಡಿ ಬೇಡ.

3. ಹ್ಯಾಂಡಲ್ ತಿರುಗಿಸಿ. ಎಡಕ್ಕೂ ಬಲಕ್ಕೂ ಒಂದೇ ಸಮ, ಸಲೀಸಾಗಿ ತಿರುಗಬೇಕು. ಗಾಡಿ ನೇರ ಹೋಗುವಾಗ ಹ್ಯಾಂಡಲ್ ಸೊಟ್ಟ ಇರಬಾರದು.

4. ನೀರಿನ ಗುರುತು ನೋಡಿ. ಸಿಮೆಂಟಿನ ಅಂಗಳದಲ್ಲಿ ಎರಡೂ ಟೈರುಗಳನ್ನು ಒದ್ದೆ ಮಾಡಿ. ಒಂದು ಚೊಂಬು ನೀರು ಸಾಕು. ಗಾಡಿಯನ್ನು ಹತ್ತು ಹೆಜ್ಜೆ ನೇರ ತಳ್ಳಿ. ಹಿಂದಿನ ಗಾಲಿಯ ಗುರುತು ಮುಂದಿನ ಗಾಲಿಯ ಗುರುತಿನ ಮೇಲೆಯೇ ಬೀಳಬೇಕು. ಪಕ್ಕಕ್ಕೆ ಬಿದ್ದರೆ ಗಾಲಿಗಳು ಒಂದೇ ಸಾಲಿನಲ್ಲಿ ಇಲ್ಲ. ಗಾಲಿಯನ್ನೇ ಓರೆಯಾಗಿ ಕೂಡಿಸಿರಬಹುದು. ಚಾಸಿಯೇ ಬಾಗಿರಲೂಬಹುದು. ಯಾವುದೆಂದು ಗ್ಯಾರೇಜಿನವರು ಬಿಚ್ಚಿ ಹೇಳಬೇಕು.

5. ನಂಬರ್ ಓದಿ. ಚಾಸಿಯ ಮೇಲೆ ಒಂದು ನಂಬರ್ ಅಚ್ಚೊತ್ತಿರುತ್ತಾರೆ. ಈಗಿನ ಗಾಡಿಗಳಲ್ಲಿ ಅದಕ್ಕೆ 17 ಗುರುತುಗಳು. ಕೆಲವು ಇಂಗ್ಲಿಷ್ ಅಕ್ಷರ, ಕೆಲವು ಅಂಕಿ. ಇದೇ ನಂಬರ್ ಆರ್.ಸಿ.ಯಲ್ಲೂ ಇರುತ್ತದೆ. ಎರಡನ್ನೂ ಹೋಲಿಸಿ. ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ. ಒಂದೊಂದೇ ಗುರುತಿನ ಮೇಲೆ ಬೆರಳಿಟ್ಟು ಆಕಾರ ನೋಡಿ. ದುಂಡಗಿನದು ಕಂಡರೆ ಅದು ಸೊನ್ನೆ. ಈ ನಂಬರಿನಲ್ಲಿ ಓ ಅಕ್ಷರವನ್ನು ಬಳಸುವುದಿಲ್ಲ. ಒಂದು ಗುರುತು ತಪ್ಪಿದರೂ, ನಂಬರನ್ನು ಉಜ್ಜಿದ್ದರೂ, ಸುತ್ತ ಹೊಸ ಬೆಸುಗೆ ಇದ್ದರೂ ಹಣ ಕೊಡಬೇಡಿ. ಕದ್ದ ಗಾಡಿ ಇರಬಹುದು.

ನೋಂದಣಿ ನಂಬರ್ ಬೇರೆ, ಚಾಸಿ ನಂಬರ್ ಬೇರೆ. ಕಾರವಾರದ ಆರ್.ಟಿ.ಓ. ಕಚೇರಿಯ ನೋಂದಣಿ ಕೆ.ಎ. 30 ಎಂದು ಶುರುವಾಗುತ್ತದೆ. ಅದು ಗಾಡಿಯ ಹಿಂದೆ ಮುಂದೆ ಪಾಟಿಯ ಮೇಲೆ ಇರುತ್ತದೆ. ಪಾಟಿಯನ್ನು ಸುಲಭವಾಗಿ ಬದಲಿಸಬಹುದು. ಅದಕ್ಕೇ ಚಾಸಿ ನಂಬರ್ ನೋಡಬೇಕು.

"ಹೆಂಗಸರಿಗೆ ಇದೆಲ್ಲ ಎಂತಕ್ಕೆ?" ಎಂದು ಯಾರಾದರೂ ನಗಬಹುದು. ನಗಲಿ. ಹಣ ನಿಮ್ಮದು. ಗಾಡಿಯ ಮೇಲೆ ಕೂರುವ ಮಗುವೂ ನಿಮ್ಮದೇ.

ರಿಪೇರಿ ಹೇಗೆ?

ಮೇಲಿನ ತುಕ್ಕು: ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ತಂತಿ ಬ್ರಷ್ಷಿನಿಂದಲೋ ಪಾಲಿಶ್ ಕಾಗದದಿಂದಲೋ ಕಬ್ಬಿಣ ಹೊಳೆಯುವ ತನಕ ಉಜ್ಜಿ. ಮೊದಲು ರೆಡ್ ಆಕ್ಸೈಡ್ ಬಳಿಯಿರಿ. ಅದು ಒಣಗಿದ ಮೇಲೆ ಬಣ್ಣ ಹಚ್ಚಿ. ತುಕ್ಕಿನ ಮೇಲೆಯೇ ಬಣ್ಣ ಹಚ್ಚಿದರೆ ಒಳಗೊಳಗೇ ತಿನ್ನುತ್ತದೆ.

ಬಾಗಿದ ಚಾಸಿ: ಅಳತೆ ಹಿಡಿದು ನೇರ ಮಾಡುವ ಯಂತ್ರ ಇರುವಲ್ಲಿಗೇ ಒಯ್ಯಿರಿ. ಬೆಂಕಿಯಲ್ಲಿ ಕಾಯಿಸಿ ಸುತ್ತಿಗೆಯಿಂದ ಬಡಿದರೆ ಉಕ್ಕಿನ ಬಲ ಕುಂದುತ್ತದೆ.

ಬಿರುಕು: ಸ್ಟ್ಯಾಂಡ್ ಅಥವಾ ಕ್ಯಾರಿಯರ್ ಪಟ್ಟಿಯ ಸಣ್ಣ ಬಿರುಕನ್ನು ಅನುಭವ ಇರುವವರು ಬೆಸೆಯಬಹುದು. ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು. ಪೆಟ್ರೋಲ್ ಟ್ಯಾಂಕನ್ನು ತೆಗೆದು ದೂರ ಇಡಬೇಕು. ಇಲ್ಲದಿದ್ದರೆ ಬೆಂಕಿ ಹತ್ತಬಹುದು. ಕುತ್ತಿಗೆಯಲ್ಲಿ ಬಿರುಕಿದ್ದರೆ ಬೆಸುಗೆಯನ್ನು ನಂಬಬೇಡಿ. ತುಕ್ಕು ತಿಂದ ತೆಳು ಕೊಳವೆಗೂ ಬೆಸುಗೆ ನಿಲ್ಲುವುದಿಲ್ಲ. ಹರಿದ ಹಳೆ ಸೀರೆಗೆ ಹೊಲಿಗೆ ಹಾಕಿದರೆ ಪಕ್ಕದಲ್ಲೇ ಹರಿಯುತ್ತದಲ್ಲ, ಹಾಗೆ.

ಆಗ ಚಾಸಿಯನ್ನೇ ಬದಲಿಸಬೇಕು. ಹೊಸ ಚಾಸಿಯನ್ನು ಕಂಪನಿಯ ಡೀಲರ್ ಹತ್ತಿರವೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಆದರೆ ಬದಲಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ. ಹೊಸ ವಿವರ ಆರ್.ಸಿ.ಯಲ್ಲಿ ಬರಬೇಕು. ವಿಮೆ ಕಂಪನಿಗೂ ತಿಳಿಸಬೇಕು.

ಬಾರದಂತೆ ತಡೆಯೋಣ

ಮೀನಿನ ಪೆಟ್ಟಿಗೆ ಸೋರದಂತೆ ನೋಡಿಕೊಳ್ಳಿ. ಸಂಜೆ ಬಂದ ಕೂಡಲೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ. ಒದ್ದೆ ಗೋಣಿ ಹೊದಿಸಿ ಇಡಬೇಡಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಗ್ಗಿ ನೋಡಿ. ಗಾಡಿ ಬಿದ್ದರೆ, ಪೆಟ್ಟು ಸಣ್ಣದೆನಿಸಿದರೂ, ನೀರಿನ ಪರೀಕ್ಷೆ ಮಾಡಿ.

ಉತ್ತರ ಹೇಳಿ

1. ಚಾಸಿಯ ಎರಡು ಶತ್ರುಗಳು ಯಾವುವು?
2. ನಮ್ಮ ಊರಿನಲ್ಲಿ ತುಕ್ಕು ಬೇಗ ಹಿಡಿಯುವುದು ಏಕೆ?
3. ಎಲ್ಲಿ ಬಿರುಕು ಇದ್ದರೆ ಬೆಸುಗೆಯನ್ನು ನಂಬಬಾರದು?

ಮಾಡಿ ನೋಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಚಾಸಿ ನಂಬರ್ ಹುಡುಕಿ. ಪಾಟಿಯ ಮೇಲೆ ಬರೆದುಕೊಳ್ಳಿ. ಆರ್.ಸಿ. ಜೊತೆ ಹೋಲಿಸಿ. 17 ಗುರುತೂ ಸರಿಯಾಗಿ ಬಂದರೆ ನಿಮ್ಮ ಓದು ಕೆಲಸಕ್ಕೆ ಬಂತು.