ಉಮ್ಮ ಮತ್ತೆ ಮತ್ತೆ ಕೇಳುವುದೇಕೆ?

ನಿಮ್ಮ ವೃದ್ಧ ತಾಯಿ ಮಗ್ರಿಬ್ ನಮಾಝ್ ಮುಗಿಸಿ ಏಳುತ್ತಾರೆ. ಐದು ನಿಮಿಷ ಕಳೆಯುವುದರೊಳಗೆ, "ಮಗಾ, ನಾನು ನಮಾಝ್ ಮಾಡಿದೆನೋ?" ಎಂದು ಕೇಳುತ್ತಾರೆ. ಹೌದೆನ್ನುತ್ತೀರಿ. ಪುನಃ ಅದೇ ಪ್ರಶ್ನೆ. ನಾಲ್ಕನೆಯ ಸಲಕ್ಕೆ ನಿಮ್ಮ ಸ್ವರ ಏರುತ್ತದೆ.

ಕೆಲವರು ಇದನ್ನು ಹಟವೆನ್ನುತ್ತಾರೆ. ಕೆಲವರು ತಾಯಿತ ಹುಡುಕಿಕೊಂಡು ಹೋಗುತ್ತಾರೆ. ವಾಸ್ತವದಲ್ಲಿ ಇದು ಡಿಮೆನ್ಶಿಯಾ ಎಂಬ ಮೆದುಳಿನ ತೊಂದರೆಯಾಗಿರಬಹುದು. ಇದಕ್ಕೆ ಮುಖ್ಯ ಕಾರಣವಾದ ರೋಗವನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದರು. ಹೊಸ ನೆನಪನ್ನು ದಾಖಲಿಸುವ ಹಿಪೊಕ್ಯಾಂಪಸ್ ಎಂಬ ಭಾಗ ಅದರಲ್ಲಿ ಬೇಗನೆ ಕೆಡುತ್ತದೆ. ಆದ್ದರಿಂದಲೇ ಬಾಲ್ಯದಲ್ಲಿ ಕಂಠಪಾಠ ಮಾಡಿದ ಸೂರಃ ಉಳಿದಿರುತ್ತದೆ, ಈಗ ತಾನೇ ಮಾಡಿದ ನಮಾಝ್ ಅಳಿದುಹೋಗಿರುತ್ತದೆ. ಜ್ಞಾನವಿದ್ದವನು ಏನೂ ಅರಿಯದವನಾಗುವ ಈ ವೃದ್ಧಾಪ್ಯದ ಕುರಿತು ಸೂರಃ ಅನ್ನಹ್ಲ್‌ನ 70ನೇ ಸೂಕ್ತದಲ್ಲಿ ಪ್ರಸ್ತಾಪವಿದೆ. ಬುದ್ಧಿಯ ಸ್ಥಿಮಿತ ಪೂರ್ತಿ ಹೋದವರ ಮೇಲೆ ನಮಾಝಿನ ಹೊಣೆಯೂ ಇಲ್ಲ. ಹಾಗಿರುವಾಗ ನಾವು ಅವರನ್ನು ವಿಚಾರಣೆಗೆ ನಿಲ್ಲಿಸುವುದೇಕೆ?

ತಾವೇ ಇಟ್ಟ ಸರ ಸಿಗದಾಗ ಸೊಸೆಯೇ ಕದ್ದಳೆನ್ನುತ್ತಾರೆ. ಸಹೋದರಿಯರೇ, ಈ ಮಾತು ನೋಯಿಸುತ್ತದೆ, ನಿಜ. ಆದರೆ ಮರೆವು ಬಿಟ್ಟುಹೋದ ಖಾಲಿ ಜಾಗವನ್ನು ಅವರ ಮನಸ್ಸು ತುಂಬಿಕೊಳ್ಳುವ ರೀತಿ ಅದು. ವಾದಿಸದೆ ಜೊತೆಗೂಡಿ ಹುಡುಕಿರಿ. ಸಂಜೆಯ ಹೊತ್ತಿಗೆ ಗಲಿಬಿಲಿ ಹೆಚ್ಚಿ, ಸ್ವಂತ ಮನೆಯಲ್ಲೇ ಕುಳಿತು "ಮನೆಗೆ ಹೋಗಬೇಕು" ಎನ್ನುವವರೂ ಇದ್ದಾರೆ.

ಮಾತನಾಡುವಾಗ ಎದುರಿಗೆ ಕುಳಿತುಕೊಳ್ಳಿ. ಒಂದು ಸಲಕ್ಕೆ ಒಂದೇ ಮಾತು. "ಊಟಕ್ಕೆ ಏನು ಬೇಕು?" ಎನ್ನುವ ಬದಲು "ಗಂಜಿ ಕೊಡಲೇ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ನಂತರ ಕಲಿತ ಭಾಷೆ ಅನೇಕರಿಗೆ ಮೊದಲು ಕೈಕೊಡುತ್ತದೆ, ಮನೆಮಾತಿನಲ್ಲೇ ಮಾತಾಡಿಸಿ. ವರ್ತನೆ ಒಂದೆರಡು ದಿನದಲ್ಲೇ ಬದಲಾದರೆ ಮೂತ್ರದ ಸೋಂಕು ಇರಬಹುದು, ತಡಮಾಡಬೇಡಿ. ಥೈರಾಯ್ಡ್ ಅಥವಾ ಬಿ-12 ಕೊರತೆಯಿಂದಲೂ ಮರೆವು ಬರುತ್ತದೆ. ಅದಕ್ಕೆ ಔಷಧವಿದೆ.

ನನ್ನ ಅಜ್ಜಿ ದಿನವೂ "ನಿನ್ನ ಅಜ್ಜ ಪೇಟೆಯಿಂದ ಬಂದರೋ?" ಎಂದು ಕೇಳುತ್ತಿದ್ದರು. ಅಜ್ಜ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಸುಳ್ಳು ಹೇಳಬಾರದೆಂದು ನಾನು ಇದ್ದದ್ದನ್ನು ಹೇಳಿದೆ. ಮೊದಲ ಬಾರಿ ಕೇಳಿದವರಂತೆ ಅತ್ತರು. ಮರುದಿನ ಮತ್ತೆ ಕೇಳಿದರು, ಮತ್ತೆ ಅತ್ತರು. ನಾನು ಹೇಳಿದ ಮಾತು ಮರೆತುಹೋಗುತ್ತಿತ್ತು, ಸಂಕಟ ಮಾತ್ರ ರಾತ್ರಿಯವರೆಗೂ ಮುಖದಲ್ಲಿರುತ್ತಿತ್ತು. ಸುಳ್ಳಿಗೂ ನನ್ನ ಮನಸ್ಸು ಒಪ್ಪಲಿಲ್ಲ. ಇಷ್ಟು ಕಿತಾಬು ಓದಿದ ನನಗೆ ಹೊಳೆಯದ್ದು ನನ್ನ ತಂಗಿಗೆ ಹೊಳೆಯಿತು. "ಅಜ್ಜ ಪೇಟೆಯಿಂದ ಏನು ತರುತ್ತಿದ್ದರು ಅಜ್ಜೀ?" ಎಂದು ಕೇಳಿದಳು. ಅಜ್ಜಿ ಬಂಗುಡೆಯಿಂದ ಆರಂಭಿಸಿ ಬೆಲ್ಲದವರೆಗೆ ಇಶಾದ ಬಾಂಗ್ ಆಗುವ ತನಕ ಹೇಳುತ್ತಲೇ ಇದ್ದರು.