ಮ್ಯಾಟರ್‌ಹಾರ್ನ್: ಇಳಿಯಲು ಗೊತ್ತಿದ್ದರೆ ಹತ್ತಿ

ಸ್ವಿಟ್ಜರ್ಲೆಂಡ್–ಇಟಲಿ ಗಡಿಯ ಮ್ಯಾಟರ್‌ಹಾರ್ನ್‌ನ ಎತ್ತರ 4,478 ಮೀಟರ್. ಹಿಮಾಲಯದ ಶಿಖರಗಳ ಮುಂದೆ ಗಿಡ್ಡ, ಆದರೆ ಬಲು ಕಡಿದು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡದ ಏಳು ಮಂದಿ ಮೊದಲ ಬಾರಿಗೆ ಇದರ ತುದಿ ಮುಟ್ಟಿದರು. ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಇಂದಿಗೂ ಇಲ್ಲಿ ತಯಾರಿ ಬೇಕಿರುವುದು ಇಳಿಯುವುದಕ್ಕೇ ಹೆಚ್ಚು. ಹೆಚ್ಚಿನವರು ಹಿಡಿಯುವ ಹೊರ್ನ್ಲಿ ಏಣಿನ ದಾರಿಯ ವಿವರ ಇಲ್ಲಿದೆ.

1. ಊರಲ್ಲೇ ಅಭ್ಯಾಸ: ಕುಮಾರಪರ್ವತ ಹತ್ತಿದ ಕಾಲಿನ ಕಸುವೊಂದೇ ಸಾಲದು. ರಾಮನಗರ, ಬಾದಾಮಿಯ ಬಂಡೆಗಳಲ್ಲಿ ತರಬೇತುದಾರರ ಜೊತೆ ಹಗ್ಗ ಕಟ್ಟಿಕೊಂಡು ಹತ್ತಿ, ಅಷ್ಟೇ ಸಲ ಇಳಿಯಿರಿ. ಹಿಮದ ಪಾಠಕ್ಕೆ ಉತ್ತರಕಾಶಿ ಅಥವಾ ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್ ಮಾಡಿ. ಕೈಗವಸು ತೆಗೆಯದೆ ಗಂಟು ಹಾಕಲು ಬರಬೇಕು.

2. ಕಾಲ: ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಹೊಸ ಹಿಮ ಬಿದ್ದರೆ ಬಂಡೆ ಒಣಗಲು ದಿನಗಳೇ ಬೇಕು. ರಜೆಯಲ್ಲಿ ಹೆಚ್ಚುವರಿ ದಿನಗಳಿರಲಿ.

3. ಮೈ ಒಗ್ಗಿಸುವುದು: ಮೊದಲು 4,164 ಮೀಟರ್‌ನ ಬ್ರೈಟ್‌ಹಾರ್ನ್ ಹತ್ತಿ. ರಿಫೆಲ್‌ಹಾರ್ನ್‌ನ ಬಂಡೆಯಲ್ಲಿ ಗೈಡ್ ನಿಮ್ಮನ್ನು ಪರೀಕ್ಷಿಸಲಿ. ಮ್ಯಾಟರ್‌ಹಾರ್ನ್‌ನಲ್ಲಿ ಒಬ್ಬರಿಗೆ ಒಬ್ಬರೇ ಗೈಡ್. ಖರ್ಚಿನ ಲೆಕ್ಕದಲ್ಲಿ ಅದೂ ಸೇರಲಿ. ಹೆಲಿಕಾಪ್ಟರ್ ರಕ್ಷಣೆಗೆ ಅನ್ವಯಿಸುವ ವಿಮೆ ಮಾಡಿಸಿ.

4. ಹಿಂದಿನ ದಿನ: ಬೆಟ್ಟದ ತಪ್ಪಲಿನ ಊರು ಜೆರ್ಮಾಟ್‌ನಿಂದ ಕೇಬಲ್ ಕಾರಿನಲ್ಲಿ ಶ್ವಾರ್ಜ್‌ಸೀಗೆ ಹೋಗಿ. ಅಲ್ಲಿಂದ ಸುಮಾರು ಎರಡು ಗಂಟೆ ನಡೆದರೆ 3,260 ಮೀಟರ್ ಎತ್ತರದ ಹೊರ್ನ್ಲಿ ವಸತಿಗೃಹ. ಹಾಸಿಗೆ ಮೊದಲೇ ಕಾಯ್ದಿರಿಸಿ.

5. ಏರು: ನಸುಕಿಗೂ ಮುನ್ನ, ತಲೆದೀಪದ ಬೆಳಕಲ್ಲಿ ಹೊರಡಬೇಕು. ಕತ್ತಲಲ್ಲಿ ದಾರಿ ತಪ್ಪಿದರೆ ಸಡಿಲ ಕಲ್ಲುಗಳ ಮೇಲೆ ಸಿಲುಕುತ್ತೀರಿ, ಹೆಲ್ಮೆಟ್ ತೆಗೆಯಬೇಡಿ. 4,003 ಮೀಟರ್‌ನಲ್ಲಿರುವ ಸೋಲ್ವೇ ಗುಡಿಸಲು ತುರ್ತಿಗೆ ಮಾತ್ರ. ಅಲ್ಲಿಗೆ ಮುಟ್ಟುವಾಗಲೇ ತಡವಾಗಿದ್ದರೆ ಹಿಂತಿರುಗಿ; ಮಧ್ಯಾಹ್ನದ ಗುಡುಗು–ಸಿಡಿಲು ಯಾರಿಗೂ ಕಾಯುವುದಿಲ್ಲ. ಸೋಲ್ವೇಯಿಂದ ಮೇಲಕ್ಕೆ, ಕಡಿದಾದ ಕಡೆ ದಪ್ಪ ಹಗ್ಗಗಳನ್ನು ಬಿಗಿದಿದ್ದಾರೆ. ತೋಳಿನಿಂದಲೇ ಜಗ್ಗಿದರೆ ಬೇಗ ಸೋಲುತ್ತೀರಿ. ಭಾರವನ್ನು ಕಾಲಿನ ಮೇಲೆ ಬಿಡಿ. ತುದಿಯ ಹಿಮಕ್ಕೆ ಬೂಟಿಗೆ ಮುಳ್ಳಿನ ಕ್ರ್ಯಾಂಪಾನ್ ಬೇಕು.

6. ಇಳಿತ: ಏರಿದಷ್ಟೇ ಹೊತ್ತು ಇಳಿಯಲೂ ಹಿಡಿಯುತ್ತದೆ. ಈಗ ನೀವು ಮುಂದೆ, ಗೈಡ್ ಮೇಲಿನಿಂದ ಹಗ್ಗ ಹಿಡಿದು ಹಿಂದೆ. ಸುಲಭದ ಕಡೆ ಮುಖ ಹೊರಗೆ ಮಾಡಿ, ಕಡಿದಾದಲ್ಲಿ ಬಂಡೆಗೆ ಮುಖಮಾಡಿ ಇಳಿಯಿರಿ. ಹೆಜ್ಜೆ ಗಟ್ಟಿಯಾದ ಮೇಲೆಯೇ ಕೈ ಬಿಡಿ. ತುದಿಯಲ್ಲಿ ಫೋಟೊಗೆಂದು ಕಳೆದ ನಿಮಿಷಗಳನ್ನು ಇಲ್ಲಿ ಓಡಿ ತುಂಬಿಸಿಕೊಳ್ಳಲಾಗದು. ಕೊನೆಯ ಕೇಬಲ್ ಕಾರಿನ ಹೊತ್ತು ಮೀರುವಂತಿದ್ದರೆ ಆತುರಪಡದೆ ಹೊರ್ನ್ಲಿಯಲ್ಲೇ ಇನ್ನೊಂದು ರಾತ್ರಿ ಉಳಿಯಲು ಕೇಳಿಕೊಳ್ಳಿ.